ಕಪಾಟಿನ ಬೆಳೆಗೆ ಸಿಕ್ಕ ಪ್ರಮಾಣಪತ್ರ

ನನ್ನ ಕೈಲಿ ಇದು ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ತೀರಿಕೊಂಡ ಗಂಡನ ಅಣ್ಣ ಝೋಲಿಲೆ. ಗುಟ್ಟಾಗಿ ಹೇಳಲಿಲ್ಲ. ಹೋದ ಜನವರಿಯ ಒಂದು ಶನಿವಾರ, ತನ್ನ ದನದ ದೊಡ್ಡಿಯ ಬಾಗಿಲಲ್ಲಿ ಜೋಳದ ಬಿಯರಿನ ಗಡಿಗೆಯ ಸುತ್ತ ಕುಳಿತಿದ್ದ ಹನ್ನೊಂದು ಮಂದಿಯ ಎದುರು ಹೇಳಿದ. ಆಗ ಅವನಿಗೆ ಇನ್ನೂ ಅಮಲೇರಿರಲಿಲ್ಲ ಎಂಬುದಕ್ಕೆ ಆ ಹನ್ನೊಂದು ಮಂದಿಯೂ ಸಾಕ್ಷಿ.

"ಮಾಜೋಲಾ ಹೊಲ ಮಾಡ್ತಾಳೆ, ಒಪ್ಕೊತೀನಿ. ಇಟ್ಟಿಗೆ ಹೊತ್ತು ಮನೇನೂ ಕಟ್ಟಿದಾಳೆ. ಆದ್ರೆ ಸರ್ಕಾರದ ಕಾಗದ ಅಂದ್ರೆ ಹಂದಿ ಸಾಕಿದ ಹಾಗಲ್ಲ. ಇವಳ ಕೈಲಿ ಆಗೋ ಕೆಲಸ ಅಲ್ಲ ಅದು."

ಮಾಜೋಲಾ ಅಂದರೆ ನಾನು, ಜೋಲಾ ಕುಲದ ಮಗಳು. ನಾನು ಶಾಲೆಯ ಬಾಗಿಲು ಕಂಡವಳಲ್ಲ. ಗೋಡೆಯ ಬಿರುಕಿನಲ್ಲಿ ಗಾಳಿ ನುಗ್ಗದಿರಲಿ ಎಂದು ಅಂಟಿಸಿದ್ದ ಹಳೆಯ ಪತ್ರಿಕೆಗಳನ್ನು ನೋಡಿ ನೋಡಿ ಓದಲು ಕಲಿತವಳು. ತಲೆದಿಂಬಿನ ಕಡೆಯ ಹಾಳೆಯನ್ನು ಗಂಡ ತಲೆಕೆಳಗಾಗಿ ಅಂಟಿಸಿದ್ದರಿಂದ ನಾನು ಎರಡೂ ಕಡೆಯಿಂದ ಓದಬಲ್ಲೆ. ಹೀಗೆ ಕಲಿತವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಬಾಯಿಂದ ಬಂದದ್ದನ್ನು ಯಾರು ಹೇಳಿದರೂ ನಂಬುವುದಿಲ್ಲ, ಅಚ್ಚಾಗಿ ಬಂದದ್ದನ್ನು ಯಾರು ಬರೆದರೂ ನಂಬುತ್ತೇವೆ. ನನಗೆ ಅದು ಸ್ವಲ್ಪ ಜೋರಾಗಿಯೇ ಇದೆ.

ಲುಸಿಕಿಸಿಕಿ ಪೇಟೆಯಿಂದ ಆಚೆ, ಸಮುದ್ರದ ಕಡೆಗೆ ಇಳಿಯುವ ನಮ್ಮ ಗುಡ್ಡಗಳಲ್ಲಿ ಗಾಂಜಾ ಯಾರನ್ನೂ ಕೇಳಿ ಬೆಳೆಯುವುದಿಲ್ಲ. ಜೋಳದ ನಡುವೆ, ಹಂದಿಗೂಡಿನ ಹಿಂದೆ, ಹೊಳೆಯ ಇಳಿಜಾರಿನಲ್ಲಿ ತನ್ನ ಪಾಡಿಗೆ ಎದ್ದು ನಿಲ್ಲುತ್ತದೆ. ನಾವು ಅದನ್ನು ಸೊಪ್ಪು ಅನ್ನುತ್ತೇವೆ. ನನ್ನ ಹೊಲದ ಸೊಪ್ಪಿನ ಬೀಜ ಅತ್ತೆ ಕೊಟ್ಟದ್ದು, ಅತ್ತೆಗೆ ಅವರ ಅತ್ತೆ ಕೊಟ್ಟದ್ದು. ಕೊಳ್ಳಲು ಬರುವವರು ಬೆರಳಲ್ಲಿ ಉಜ್ಜಿ ಮೂಸಿ, ಕಣ್ಣು ಮುಚ್ಚಿಕೊಂಡೇ ಇದು ಯಾರ ಹೊಲದ್ದೆಂದು ಹೇಳುತ್ತಿದ್ದರು. ಸರ್ಕಾರ ಇಪ್ಪತ್ತಾರು ವರ್ಷ ಹೆಲಿಕಾಪ್ಟರಿನಿಂದ ಅದರ ಮೇಲೆ ಔಷಧಿ ಸಿಂಪಡಿಸಿತು. ಜೋಳ ಸತ್ತಿತು, ಕುಂಬಳ ಸತ್ತಿತು, ಝೋಲಿಲೆಯ ಒಂದು ಆಡು ಸತ್ತಿತು. ಸೊಪ್ಪು ಮುಂದಿನ ಮಳೆಗೆ ಮತ್ತೆ ಬಂತು. ನನ್ನ ಮನೆಯ ಇಟ್ಟಿಗೆ, ತಗಡು, ಬಾಗಿಲು, ಎಲ್ಲ ಅದರಿಂದಲೇ.

ಆಮೇಲೆ ಕಾನೂನು ಬದಲಾಯಿತು. ತನ್ನ ಮನೆಯಲ್ಲಿ, ತನಗಾಗಿ, ಯಾರ ಕಣ್ಣಿಗೂ ಬೀಳದಂತೆ ಬೆಳೆದುಕೊಂಡರೆ ತಪ್ಪಲ್ಲ ಎಂದಾಯಿತು. ನಾವು ಒಂದು ಎತ್ತು ಕಡಿದು ಉಂಡೆವು. ಅದಾದ ಮೇಲೆ ಕೊಳ್ಳಲು ಯಾರೂ ಬರಲಿಲ್ಲ. ವಿಚಾರಿಸಿದರೆ, ನಗರದ ಗಂಡಸರೆಲ್ಲ ತಮ್ಮ ತಮ್ಮ ಕಪಾಟಿನಲ್ಲಿ ಒಂದೊಂದು ಗಿಡ ಇಟ್ಟುಕೊಂಡಿದ್ದಾರಂತೆ. ಎರಡು ವರ್ಷ ನನ್ನ ಸೊಪ್ಪು ಚೀಲದಲ್ಲೇ ಪುಡಿಯಾಯಿತು.

ಆಗ ಬಂದದ್ದು ಯೋಜನೆ. ಅಂಗಡಿಯ ಗೋಡೆಗೆ ಅಂಟಿಸಿದ್ದ ಪ್ರಕಟಣೆಯನ್ನು ಊರಿಗೆಲ್ಲ ಓದಿ ಹೇಳಿದವಳು ನಾನೇ.

"ಗೃಹಾಂತರ್ಗತ ಗಾಂಜಾ ಕೃಷಿ ಪ್ರೋತ್ಸಾಹ ಯೋಜನೆ. ಸರಳ ಹಾಗೂ ಕಡಿಮೆ ಖರ್ಚಿನ ವಿಧಾನದಲ್ಲಿ ಮನೆಯ ಒಳಗೆ ಗಿಡ ಬೆಳೆಸಿ ತೋರಿಸುವ ಫಲಾನುಭವಿಗಳಿಗೆ ಪ್ರಮಾಣಪತ್ರ ನೀಡಲಾಗುವುದು. ಪ್ರಮಾಣಪತ್ರ ಉಳ್ಳವರು ಮಾತ್ರ ಮಾರಾಟದ ಪರವಾನಗಿಗೆ ಅರ್ಹರು."

ನಾನು ಪ್ರಕಟಣೆಯನ್ನು ನಾಲ್ಕು ಸಲ ಓದಿದೆ. ಪರವಾನಗಿ ಸಿಕ್ಕರೆ ಸೊಪ್ಪನ್ನು ಹಗಲಿನಲ್ಲಿ, ಚೀಲದ ಬಾಯಿ ತೆರೆದುಕೊಂಡು ಮಾರಬಹುದು. ಸಿಗದಿದ್ದರೆ ಹಂದಿಗಳನ್ನೇ ನಂಬಬೇಕು. ನಾನು ಅದನ್ನು ಓದಿ ಹೇಳಿದ ಶನಿವಾರವೇ ಝೋಲಿಲೆ ದೊಡ್ಡಿಯ ಬಾಗಿಲಲ್ಲಿ ಆ ಮಾತು ಹೇಳಿದ್ದು. ನಾನು ಸೋಮವಾರ ಬೆಳಗ್ಗೆ ಚರ್ಚಿನ ಸಭಾಂಗಣದಲ್ಲಿ ಮೊದಲ ಸಾಲಿನಲ್ಲಿ ಕುಳಿತಿದ್ದೆ.

ತರಬೇತಿ ಕೊಡಲು ಜೋಹಾನ್ಸ್‌ಬರ್ಗಿನಿಂದ ಸಿಖೋಸಾನಾ ಎಂಬವರು ಬಂದಿದ್ದರು. ಬಿಳಿ ಶೂ, ಕುತ್ತಿಗೆಗೆ ನೇತುಹಾಕಿದ ಗುರುತಿನ ಚೀಟಿ, ಕೈಯಲ್ಲಿ ಪೆನ್ನು. ಪ್ರಾರ್ಥನೆ ಮುಗಿದ ಮೇಲೆ ಅವರು ಮೊದಲ ಪ್ರಶ್ನೆ ಕೇಳಿದರು.

"ಅಮ್ಮಂದಿರೇ, ನಿಮ್ಮಲ್ಲಿ ಎಷ್ಟು ಜನ ಈ ಗಿಡ ನೋಡಿದೀರಿ? ಕೈ ಎತ್ತಿ."

ಮೂವತ್ತೆಂಟು ಹೆಂಗಸರಿದ್ದೆವು. ಒಂದು ಕೈಯೂ ಮೇಲೇಳಲಿಲ್ಲ.

ಇದಕ್ಕೆ ಕಾರಣ ದಾಖಲಾಗಬೇಕು. ಒಳ್ಳೆಯ ಶೂ ಹಾಕಿಕೊಂಡು, ಕೈಯಲ್ಲಿ ಪೆನ್ನು ಹಿಡಿದ ಅಪರಿಚಿತನೊಬ್ಬ ಈ ಪ್ರಶ್ನೆ ಕೇಳಿದರೆ ಏನು ಹೇಳಬೇಕು ಎಂಬುದನ್ನು ನಮ್ಮಲ್ಲಿ ಮಕ್ಕಳಿಗೆ ಅವರ ಹೆಸರಿಗಿಂತ ಮೊದಲು ಕಲಿಸುತ್ತಾರೆ. ಕಾನೂನು ಬದಲಾದದ್ದು ನಮಗೆ ಗೊತ್ತಿತ್ತು. ಉತ್ತರವೂ ಬದಲಾಗಿದೆ ಎಂದು ಯಾರೂ ತಿಳಿಸಿರಲಿಲ್ಲ.

ಸಿಖೋಸಾನಾರಿಗೆ ಆಶ್ಚರ್ಯವಾಯಿತು. "ಒಬ್ರೂ ನೋಡಿಲ್ವಾ?"

"ಹೆಸರು ಕೇಳಿದೀವಿ ಸಾರ್," ಅಂದಳು ನನ್ನ ಪಕ್ಕದ ಮನೆಯ ಮಾನ್ಯಾವುಜಾ. "ಕುಂಬಳದ ಜಾತೀದಾ ಅದು? ಬಳ್ಳಿ ಹಬ್ಬುತ್ತಾ?"

ಅವಳದೇ ಆರು ಸಾಲು ಸೊಪ್ಪು ಸಭಾಂಗಣದ ಕಿಟಕಿಯ ಆಚೆ ಭುಜದೆತ್ತರಕ್ಕೆ ನಿಂತಿತ್ತು. ಅವಳಿಗಿಂತ ನಾನು ಕಡಿಮೆಯಾಗಬಾರದು ಅನ್ನಿಸಿತು.

"ಎಲೇಲಿ ಮುಳ್ಳಿರುತ್ತಾ ಸಾರ್? ಕೊಯ್ಯೋವಾಗ ಕೈಗೆ ಚುಚ್ಚೋದಾದ್ರೆ ನಮಗೆ ಕಷ್ಟ."

ಇವತ್ತಿಗೂ ನನಗೆ ಆ ಪ್ರಶ್ನೆಯ ಬಗ್ಗೆ ಸ್ವಲ್ಪ ಹೆಮ್ಮೆಯಿದೆ. ಸಿಖೋಸಾನಾ ಒಂದು ಚಿತ್ರ ಹಂಚಿದರು. ಮೂವತ್ತೆಂಟು ಹೆಂಗಸರೂ ಅದನ್ನು ಕೈಯಿಂದ ಕೈಗೆ ದಾಟಿಸಿ, ಹುಬ್ಬೇರಿಸಿ, ತಿರುಗಿಸಿ, ಇಂಥದ್ದೊಂದು ಎಲೆ ಭೂಮಿಯ ಮೇಲಿದೆಯೇ ಎಂಬಂತೆ ನೋಡಿದೆವು. ಸಿಖೋಸಾನಾ ಕಿಟಕಿಯ ಆಚೆ ಬೆರಳು ತೋರಿಸಿದರು.

"ಅದೇನು ಗಿಡ ಅಲ್ಲಿರೋದು?"

"ಕಳೆ ಸಾರ್," ಅಂದಳು ಮಾನ್ಯಾವುಜಾ.

"ಚೆನ್ನಾಗಿ ಬಂದಿದೆ," ಅಂದರು ಸಿಖೋಸಾನಾ, ಮತ್ತು ನಮ್ಮ ಊರಿನ ಹೆಸರಿನ ಮುಂದೆ 'ಪೂರ್ವಾನುಭವ: ಸೊನ್ನೆ' ಎಂದು ಬರೆದುಕೊಂಡರು.

ಆ ಸೊನ್ನೆಯಿಂದ ಮುಂದಿನದೆಲ್ಲ ಸರಾಗವಾಗಿ ನಡೆಯಿತು. ಅನುಭವವಿಲ್ಲದ ಪ್ರದೇಶವಾದ್ದರಿಂದ ನಮಗೆ ಪ್ರಾರಂಭಿಕರ ಕೈಪಿಡಿ ಕೊಡಲಾಯಿತು. ನಲವತ್ತು ಪುಟ. ಜೊತೆಗೆ ಒಂದು ಬಕೆಟ್ಟು, ಮತ್ತು ಹಡಗಿನಲ್ಲಿ ಬಂದ ಹತ್ತು ಬೀಜ. ಉಳಿದದ್ದನ್ನು ಫಲಾನುಭವಿ ಕಡಿಮೆ ಖರ್ಚಿನಲ್ಲಿ ತಾನೇ ಹೊಂದಿಸಿಕೊಳ್ಳತಕ್ಕದ್ದು. ಮುಖ್ಯವಾಗಿ ಬೇಕಾದದ್ದು ಒಂದು ವಿಶೇಷ ದೀಪ. ಕಡಿಮೆ ಖರ್ಚಿನ ಆ ದೀಪಕ್ಕಾಗಿ ನಾನು ಒಂದು ಹಂದಿ ಮಾರಿದೆ.

ಮನೆಯಲ್ಲಿ ಒಳಗೆ ಎಂದು ಹೇಳಬಹುದಾದ ಜಾಗ ನನ್ನ ಬಟ್ಟೆಯ ಕಪಾಟು ಒಂದೇ. ಬಟ್ಟೆಗಳನ್ನು ಹಾಸಿಗೆಯ ಮೇಲೆ ಹಾಕಿ, ನಾನು ಅಡುಗೆಮನೆಯಲ್ಲಿ ಮಲಗಲು ಶುರು ಮಾಡಿದೆ. ಆಲೂಗಡ್ಡೆ ಚಿಪ್ಸಿನ ಖಾಲಿ ಪೊಟ್ಟಣಗಳನ್ನು ಕತ್ತರಿಸಿ, ಹೊಳೆಯುವ ಬದಿ ಕಾಣುವಂತೆ ಕಪಾಟಿನ ಒಳಗೆಲ್ಲ ಅಂಟಿಸಿದೆ. ಹತ್ತು ಬೀಜ ಬಿತ್ತಿದೆ. ಮೂರು ವಾರ ಕಾದೆ. ಒಂದೂ ಮೊಳೆಯಲಿಲ್ಲ. ಅತ್ತೆಯ ಬೀಜದ ಡಬ್ಬಿಯನ್ನು ಬೋರಲು ಹಾಕಿ ತಟ್ಟಿದೆ. ಉಳಿದದ್ದೆಲ್ಲ ಆ ವರ್ಷದ ಹೊಲಕ್ಕೆ ಹೋಗಿತ್ತು, ತಳದಲ್ಲಿ ಏಳು ಕಾಳು ಸಿಕ್ಕಿದವು. ಬಿತ್ತಿದೆ. ಐದನೆಯ ದಿನ ಏಳೂ ಎದ್ದವು. ಕೈಪಿಡಿಯ ಪ್ರಕಾರ ಒಂದನ್ನು ಉಳಿಸಿ ಆರನ್ನು ಕಿತ್ತೆ.

ದಿನಕ್ಕೆ ಹದಿನೆಂಟು ಗಂಟೆ ಬೆಳಕು ಎಂದು ಕೈಪಿಡಿ ಹೇಳುತ್ತದೆ. ದಿನಕ್ಕೆ ಎಷ್ಟು ಗಂಟೆ ಕರೆಂಟು ಇರುತ್ತದೆ ಎಂದು ಅದು ಹೇಳುವುದಿಲ್ಲ. ಗಿಡ ಬಿಳಿಚಿಕೊಂಡು ಕೊಕ್ಕರೆಯ ಕಾಲಿನಂತಾಯಿತು. ಕಪಾಟಿನಿಂದ ಮೂರು ಹೆಜ್ಜೆ ದೂರದಲ್ಲಿ, ಕಿಟಕಿಯ ಹೊರಗೆ, ಬೇಸಿಗೆಯ ಬಿಸಿಲು ಬಿದ್ದುಕೊಂಡಿತ್ತು. ಸಿಖೋಸಾನಾ ತಿಂಗಳ ಭೇಟಿಗೆ ಬಂದಾಗ ಕೇಳಿದೆ.

"ಸಾರ್, ಕರೆಂಟು ಹೋದಾಗ ಬಕೆಟ್ಟನ್ನ ಸ್ವಲ್ಪ ಬಿಸಿಲಿಗೆ ಇಡಬಹುದಾ?"

"ಬಿಸಿಲಾ?" ಅವರು ಯೋಚಿಸಿದರು. "ಅದು ನಮ್ಮ ವಿಧಾನದಲ್ಲಿ ಬರಲ್ಲ ಅಮ್ಮಾ. ಬಿಸಿಲು ಇವತ್ತಿರುತ್ತೆ, ನಾಳೆ ಮೋಡ. ಅದನ್ನ ನಂಬಿ ಕೃಷಿ ಮಾಡೋಕಾಗುತ್ತಾ?"

ಆಗುವುದಿಲ್ಲ ಎಂದು ನಾನು ಒಪ್ಪಿಕೊಂಡೆ. ಆ ಹೊತ್ತಿಗೆ ಇಳಿಜಾರಿನ ನನ್ನ ಹೊಲದಲ್ಲಿ ಅದೇ ಬೀಜದ ಗಿಡಗಳು ನನ್ನ ತಲೆ ದಾಟಿದ್ದವು. ಕೈಪಿಡಿಯನ್ನು ಮತ್ತೊಮ್ಮೆ ಮೊದಲಿನಿಂದ ಕೊನೆಯವರೆಗೆ ಹುಡುಕಿದೆ. ನಲವತ್ತು ಪುಟಗಳಲ್ಲಿ ಸೂರ್ಯ ಎಲ್ಲೂ ಇರಲಿಲ್ಲ.

ಮಾರ್ಚ್ ತಿಂಗಳಲ್ಲಿ ಘೋಷಣಾಪತ್ರ ಬಂತು. ಪೊಲೀಸ್ ಠಾಣೆಗೆ ಹೋಗಿ, ಪ್ರಮಾಣ ಮಾಡಿ, ಮುದ್ರೆ ಹಾಕಿಸಿ, ಮೂರು ಪ್ರತಿ ಸಲ್ಲಿಸಬೇಕು. ನಾಲ್ಕನೆಯ ಅಂಶ ಹೀಗಿತ್ತು: 'ನಾನು ಮನೆಯ ಹೊರಗೆ ಯಾವುದೇ ಸ್ಥಳದಲ್ಲಿ ಸದರಿ ಗಿಡವನ್ನು ಬೆಳೆಯುತ್ತಿಲ್ಲ, ಹೊರಾಂಗಣ ಕೃಷಿಯಲ್ಲಿ ನನಗೆ ಯಾವುದೇ ಆಸಕ್ತಿ ಇರುವುದಿಲ್ಲ.' ಹೊಲದಲ್ಲಿ ಬೀಜ ಗಟ್ಟಿಯಾಗಲು ಇನ್ನೂ ಮೂರು ವಾರ ಬೇಕಿತ್ತು. ಘೋಷಣಾಪತ್ರಕ್ಕೆ ಕೊನೆಯ ದಿನ ಶುಕ್ರವಾರ.

ನಾನು ಕುಡುಗೋಲು ಹಿಡಿದು ಇಳಿಜಾರಿಗೆ ಹೋಗುವುದನ್ನು ನೋಡಿ ಮಾನ್ಯಾವುಜಾ ಬೇಲಿಯ ಹತ್ತಿರ ಬಂದಳು.

"ಎಲ್ಲಿಗೆ ಹೊರಟೆ? ಇನ್ನೂ ಕೊಯ್ಲಿಗೆ ಬಂದಿಲ್ವಲ್ಲ."

"ಕೀಳೋಕೆ. ನಾಲ್ಕನೇ ಅಂಶ ಓದಿದೀಯಾ?"

"ನಂಗೆಲ್ಲಿ ಓದೋಕೆ ಬರುತ್ತೆ ತಾಯಿ. ಹೆಬ್ಬೆಟ್ಟು ಒತ್ತಿ ಬಂದೆ."

"ಹಾಗಾದ್ರೆ ನೀನು ಸುಳ್ಳಿಗೆ ಹೆಬ್ಬೆಟ್ಟು ಒತ್ತಿದೀಯ."

"ಹೆಬ್ಬೆಟ್ಟು ನಿಜಾನೇ ನಂದು. ಮಾತು ಅವರದ್ದು." ಅವಳು ಬೇಲಿಯ ಮೇಲೆ ಕೈಯೂರಿ ನನ್ನನ್ನು ನೋಡಿದಳು. "ಏನೇ ಮಾಜೋಲಾ, ಎಲೇಲಿ ಮುಳ್ಳಿರುತ್ತಾ ಅಂತ ಚರ್ಚಿನ ಒಳಗೆ ಕೂತು ಕೇಳಿದೋಳು ನೀನು. ಈಗ ಸುಳ್ಳು ಅಂದ್ರೆ ಮೈ ಉರಿಯುತ್ತಾ?"

"ಅದು ಬಾಯಿಮಾತು. ಇದು ಬರೆದದ್ದು."

"ದೇವರು ನಿಂಗೆ ಓದೋಕೆ ಯಾಕಾದ್ರೂ ಕಲಿಸಿದ್ನೋ."

"ದೇವರು ಕಲಿಸ್ಲಿಲ್ಲ. ನಾನೇ ಕಲಿತೆ."

"ಅದೇ ಹೇಳಿದ್ದು. ಅವನು ಕಲಿಸಿದ್ರೆ ಇಷ್ಟು ಕೆಟ್ಟದಾಗಿ ಕಲಿಸ್ತಿರಲಿಲ್ಲ. ಒಂದು ಸಾಲಾದ್ರೂ ಬಿಡೇ, ನಿಮ್ಮತ್ತೆ ಬೀಜ ಅದು."

ಕಪಾಟಿನಲ್ಲಿ ಒಂದು ಇದೆ, ಬೀಜಕ್ಕೆ ಅಷ್ಟು ಸಾಕು ಎಂದೆ. ಹನ್ನೆರಡು ಸಾಲು. ಎರಡು ದಿನ ಹಿಡಿಯಿತು. ಇಪ್ಪತ್ತಾರು ವರ್ಷ ಹೆಲಿಕಾಪ್ಟರಿನ ಕೈಲಿ ಆಗದಿದ್ದುದನ್ನು ನಾನು ಒಬ್ಬಳೇ, ಪೆಟ್ರೋಲು ಇಲ್ಲದೆ, ಎರಡು ದಿನದಲ್ಲಿ ಮಾಡಿ ಮುಗಿಸಿದೆ. ಇದೂ ಕಡಿಮೆ ಖರ್ಚಿನ ವಿಧಾನವೇ. ರಾಶಿ ಹಾಕಿ ಬೆಂಕಿ ಕೊಟ್ಟೆ, ಗಾಳಿ ಊರಿನ ಕಡೆಗಿತ್ತು. ಆ ಸಂಜೆ ಊರಿನಲ್ಲಿ ಒಂದೂ ಜಗಳವಾಗಲಿಲ್ಲ. ಶುಕ್ರವಾರ ಠಾಣೆಯಲ್ಲಿ ಬಲಗೈ ಎತ್ತಿ, ಒಂದಕ್ಷರವೂ ಸುಳ್ಳಿಲ್ಲದ ಘೋಷಣಾಪತ್ರಕ್ಕೆ ಸಹಿ ಮಾಡಿದೆ. ಮುದ್ರೆ ಒತ್ತಿದ ಪೇದೆ ಕಾಗದ ನೋಡಲಿಲ್ಲ. ಅವನ ಕಣ್ಣೆಲ್ಲ ತಟ್ಟೆಯ ಕೋಳಿ ಕಾಲಿನ ಮೇಲಿತ್ತು.

ತಪಾಸಣೆ ಜೂನ್‌ನಲ್ಲಿ ಆಯಿತು. ಒಳಾಂಗಣ ತಪಾಸಣಾಧಿಕಾರಿ ಮಿಸ್ ಮಬಂಡ್ಲಾ, ನನ್ನ ಮಗಳ ವಯಸ್ಸು, ಬಹಳ ಸಭ್ಯಳು. ಕೊಟ್ಟ ಚಹಾ ಕುಡಿದು, ಕಪಾಟಿನ ಎದುರು ಕುರ್ಚಿ ಹಾಕಿಕೊಂಡು ಕುಳಿತಳು. ನಾನು ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ. ಗಿಡ ಆಗಷ್ಟೇ ಹೂ ಕಟ್ಟಿತ್ತು. ಯಾರಿಗಾದರೂ ತೋರಿಸಬೇಕೆಂದು ನಾಲ್ಕು ತಿಂಗಳಿಂದ ಕಾಯುತ್ತಿದ್ದೆ.

"ಬೇಡಿ ಅಮ್ಮಾ, ತೆಗೀಬೇಡಿ."

"ತೆಗೀದೆ ಹೇಗೆ ನೋಡ್ತೀಯಾ ಮಗಳೇ?"

"ನಾನು ನೋಡೋ ಹಾಗಿಲ್ಲ. ಹೊರಗಿನವರ ಕಣ್ಣಿಗೆ ಬಿದ್ರೆ ಅದು ಖಾಸಗಿ ಅಲ್ಲ ಅಂತಾಗುತ್ತೆ. ಖಾಸಗಿ ಅಲ್ದಿದ್ರೆ ಅಪರಾಧ. ಆಮೇಲೆ ನಾನು ನಿಮ್ಮ ಮೇಲೆ ದೂರು ಕೊಡಬೇಕಾಗುತ್ತೆ."

"ಮತ್ತೆ ತಪಾಸಣೆ?"

"ಮಾಡ್ತಿದೀನಲ್ಲ."

ಅವಳು ನಮೂನೆ ತುಂಬಿದಳು. ಗಿಡ ಕಾಣುತ್ತದೆಯೇ: ಇಲ್ಲ. ನಲವತ್ತಕ್ಕೆ ನಲವತ್ತು ಅಂಕ. ಬೆಳಕು ಕಾಣುತ್ತದೆಯೇ: ಇಲ್ಲ. ಮೂವತ್ತಕ್ಕೆ ಮೂವತ್ತು. ಆಮೇಲೆ ಪೆನ್ನು ನಿಂತಿತು. ಅವಳು ಮೂಗೆಳೆದಳು, ಎದ್ದು ಕಿಟಕಿಯವರೆಗೆ ಹೋಗಿ ಮತ್ತೆ ಮೂಗೆಳೆದಳು.

"ವಾಸನೆ ಇದೆ ಅಮ್ಮಾ."

"ಇರುತ್ತೆ. ನಮ್ಮತ್ತೆ ಬೀಜ ಅದು."

"ಕಿಟಕಿ ದಾಟಿ ರಸ್ತೆಗೆ ಹೋಗ್ತಿದೆ. ರಸ್ತೆ ಸಾರ್ವಜನಿಕ. ವಾಸನೆಗೆ ಮೂವತ್ತು ಅಂಕ, ಅದು ಪೂರ್ತಿ ಹೋಯ್ತು. ಎಪ್ಪತ್ತಕ್ಕೆ ಪಾಸಿಲ್ಲ. ಹದಿನಾಲ್ಕು ದಿನ ಟೈಮು ಕೊಡ್ತೀನಿ, ದೋಷ ಸರಿ ಮಾಡ್ಕೊಳಿ."

ಮಾನ್ಯಾವುಜಾಳಿಗೆ ನೂರಕ್ಕೆ ನೂರು ಬಂದಿತ್ತು. ಅವಳ ಕಪಾಟಿನೊಳಗೆ ಕಂಬಳಿಗಳಿದ್ದವು, ಕಂಬಳಿಗಳ ಮೇಲೆ ಒಂದು ಕೋಳಿ ಕಾವಿಗೆ ಕೂತಿತ್ತು. ನಮೂನೆಯ ಕೊನೆಯಲ್ಲಿ ಮಿಸ್ ಮಬಂಡ್ಲಾ 'ಮಾದರಿ' ಎಂದು ಬರೆದಿದ್ದಳು. ಮನೆಯ ಹಿಂದೆ ಮಾನ್ಯಾವುಜಾ ಕೊಯ್ದು ಒಣಗಲು ಹರಡಿದ್ದ ಆರು ಸಾಲು ಸೊಪ್ಪು ತಪಾಸಣೆಗೆ ಅಡ್ಡಿಯಾಗಲಿಲ್ಲ. ಅದು ಹೊರಾಂಗಣ, ಬೇರೆ ವಿಭಾಗಕ್ಕೆ ಸೇರಿದ್ದು. ಆ ವಿಭಾಗ ಇನ್ನೂ ಸ್ಥಾಪನೆಯಾಗಿರಲಿಲ್ಲ.

ಹದಿಮೂರು ದಿನ ನಾನು ವಾಸನೆಯ ಜೊತೆ ಹೋರಾಡಿದೆ. ಕಿಟಕಿಗೆ ಹಳೆಯ ಕೋಟು ತುರುಕಿದೆ. ಕರ್ಪೂರ ಸುಟ್ಟೆ, ಈರುಳ್ಳಿ ಹುರಿದೆ, ಝೋಲಿಲೆಯ ಹೋತವನ್ನು ಒಂದು ದಿನ ಒಳಗೆ ಕಟ್ಟಿದೆ. ಹೋತ ಹೋದ ಮೇಲೂ ಸೊಪ್ಪಿನ ವಾಸನೆ ನಿಂತಿತ್ತು. ಬೀಜ ಕಟ್ಟಲಿ, ಆಮೇಲೆ ಕೀಳೋಣ ಎಂದುಕೊಂಡರೆ, ಒಂಟಿ ಹೆಣ್ಣು ಗಿಡ, ಕಪಾಟಿನೊಳಗೆ ಅದಕ್ಕೆ ಗಂಡೆಲ್ಲಿಂದ ಬರಬೇಕು. ಕೈಪಿಡಿಯ ಮಾತು ಕೇಳಿ ಉಳಿದ ಆರನ್ನು ನಾನೇ ಕಿತ್ತಿದ್ದೆ. ಮೂವತ್ತು ವರ್ಷ ಸೊಪ್ಪು ಬೆಳೆದವಳಿಗೆ ಇದು ಹೊಳೆಯಬೇಕಿತ್ತು. ಆದರೆ ನನ್ನ ಪೂರ್ವಾನುಭವ ಸೊನ್ನೆ ಎಂದು ದಾಖಲಾಗಿತ್ತಲ್ಲ.

ಕಿತ್ತು ಬಿಸಾಕಿ ಪ್ರಮಾಣಪತ್ರ ತೆಗೆದುಕೊಳ್ಳಬೇಕು, ಇಲ್ಲವೇ ಗಿಡ ಇಟ್ಟುಕೊಂಡು ನಪಾಸಾಗಬೇಕು. ನಪಾಸಾದರೆ ದೊಡ್ಡಿಯ ಬಾಗಿಲಲ್ಲಿ ಕೂತು ಝೋಲಿಲೆ ಹೇಳಿದ್ದೇ ಸರಿ ಎಂದಾಗುತ್ತದೆ. ಹದಿಮೂರನೆಯ ದಿನ ಕತ್ತರಿಸಿದೆ. ಒಲೆಯ ಬಿಸಿಗೆ ಒಣಗಿಸಿದರೆ ಒಂದು ಚಹಾ ಬಟ್ಟಲಿನಷ್ಟಾಯಿತು. ನಾನು ಸೇದುವುದಿಲ್ಲ, ಹಾಗಾಗಿ ಝೋಲಿಲೆಗೇ ಕೊಟ್ಟೆ. ಒಂದೇ ಸಂಜೆಯಲ್ಲಿ ಮುಗಿಸಿದ.

"ಚೆನ್ನಾಗಿದೆ," ಅಂದ. "ಮುಂದಿನ ಸಲ ಇನ್ನೂ ಸ್ವಲ್ಪ ಜಾಸ್ತಿ ಬೆಳೆ."

ಮರುದಿನ ನನಗೆ ನೂರಕ್ಕೆ ನೂರು ಬಂತು.

ಪ್ರಮಾಣಪತ್ರಗಳನ್ನು ಚರ್ಚಿನ ಸಭಾಂಗಣದಲ್ಲಿ ಹಂಚಿದರು. ಮೂವತ್ತೆಂಟು ಮಂದಿಯೂ ಪಾಸು. ಸಿಖೋಸಾನಾರ ಕಣ್ಣು ಒದ್ದೆಯಾಗಿತ್ತು. ಗಿಡದ ಮುಖವನ್ನೇ ನೋಡದಿದ್ದ ಊರು ಆರೇ ತಿಂಗಳಲ್ಲಿ ಇಲ್ಲಿಗೆ ಬಂದು ನಿಂತಿದೆ ಎಂದರು. ಅದೇ ಸಭೆಯಲ್ಲಿ ಮಿಸ್ ಮಬಂಡ್ಲಾ ಮಾರಾಟದ ಪರವಾನಗಿಯನ್ನೂ ಕೊಟ್ಟಳು. ನಾನು ಅಲ್ಲೇ ನಿಂತು ಓದಿದೆ. 'ಪರವಾನಗಿದಾರರು ತಪಾಸಣೆಯ ಸಮಯದಲ್ಲಿ ಕಂಡುಬಂದ ಪ್ರಮಾಣವನ್ನು ಮಾತ್ರ ಪ್ರತಿ ವರ್ಷ ಮಾರಾಟ ಮಾಡತಕ್ಕದ್ದು. ಕಂಡುಬಂದ ಪ್ರಮಾಣ: ಸೊನ್ನೆ.'

"ಮಗಳೇ, ಇಲ್ಲಿ ಸೊನ್ನೆ ಅಂತಿದೆ."

"ಹೌದಮ್ಮಾ. ಅದಕ್ಕಿಂತ ಜಾಸ್ತಿ ಮಾರಬೇಡಿ."

ಇಲ್ಲಿಯವರೆಗೆ ನಾನು ಆ ಮಿತಿಯನ್ನು ಒಮ್ಮೆಯೂ ಮೀರಿಲ್ಲ. ತಿಂಗಳಿಗೊಮ್ಮೆ ಸಲ್ಲಿಸಬೇಕಾದ ವರದಿಯನ್ನು ಹೇಳಿದ ದಿನಕ್ಕಿಂತ ಮೊದಲೇ ಸಲ್ಲಿಸುತ್ತೇನೆ. ಮಾನ್ಯಾವುಜಾ ವರದಿ ಸಲ್ಲಿಸುವುದಿಲ್ಲ. ಅವಳಿಗೆ ಬಿಡುವಿಲ್ಲ. ಪ್ರಮಾಣಪತ್ರ ಪಡೆದ ಊರಿನ ಸೊಪ್ಪು ಎಂದು ಡರ್ಬನ್ನಿನವರು ಅವಳ ಹಿತ್ತಲಿಗೇ ಬಂದು ಒಯ್ಯುತ್ತಾರೆ. "ಬೀಜ ಕೊಡ್ತೀನಿ, ಬಾರೇ," ಎಂದು ಎರಡು ಸಲ ಕರೆದಳು. ಅವಳ ಸೊಪ್ಪು ಅವಳದು, ನಮ್ಮತ್ತೆಯದಲ್ಲ. ಅದೂ ಅಲ್ಲದೆ ಹೊರಾಂಗಣ ಕೃಷಿಯಲ್ಲಿ ನನಗೆ ಆಸಕ್ತಿಯಿಲ್ಲ ಎಂದು ಸಹಿ ಮಾಡಿದ್ದೇನೆ.

ಅಕ್ಟೋಬರಿನಲ್ಲಿ ಮೊದಲ ಮಳೆ ಬಿದ್ದಾಗ ಝೋಲಿಲೆ ನನ್ನ ಇಳಿಜಾರಿನಲ್ಲಿ ನೇಗಿಲು ಕಟ್ಟಿದ. ನಾನು ಊರ ಮುಖ್ಯಸ್ಥನ ಬಳಿ ಹೋದೆ. ಝೋಲಿಲೆಯೂ ಬಂದ, ಬರಿಗೈಯಲ್ಲಿ ಬರಲಿಲ್ಲ. ನನ್ನ ಘೋಷಣಾಪತ್ರದ ಒಂದು ಪ್ರತಿಯನ್ನು, ಠಾಣೆಯ ಮುದ್ರೆ ಸಮೇತ, ಇಲಾಖೆಯಿಂದ ತರಿಸಿಕೊಂಡಿದ್ದ. ಅವನಿಗೆ ಓದಲು ಬರುವುದಿಲ್ಲವಾದ್ದರಿಂದ ಮುಖ್ಯಸ್ಥ ಅದನ್ನು ನನ್ನ ಕೈಗೇ ಕೊಟ್ಟು ಗಟ್ಟಿಯಾಗಿ ಓದಲು ಹೇಳಿದ. ನಾನು ನಾಲ್ಕನೆಯ ಅಂಶವನ್ನು ತಡವರಿಸದೆ ಓದಿದೆ.

"ಇದು ನೀನೇ ಬರೆದುಕೊಟ್ಟದ್ದಾ?" ಮುಖ್ಯಸ್ಥ ಕೇಳಿದ.

"ಹೌದು ತಾತ, ಸಹಿ ನಂದೇ."

"ಬಲವಂತ ಇತ್ತಾ?"

"ಇರಲಿಲ್ಲ."

"ಇವಳ ಓದು ನೋಡು," ಅಂದ ಝೋಲಿಲೆ ಮುಖ್ಯಸ್ಥನಿಗೆ, ನಿಜವಾದ ಮೆಚ್ಚಿಗೆಯಿಂದ. "ನಾನು ಅವತ್ತು ತಪ್ಪು ತಿಳ್ಕೊಂಡಿದ್ದೆ. ಕಾಗದದ ಕೆಲಸ ಇವಳಿಗಿಂತ ಚೆನ್ನಾಗಿ ಯಾರೂ ಮಾಡಲ್ಲ."

ಮಾಡುವವರಿಲ್ಲದ ನೆಲ ಗಂಡನ ಮನೆತನಕ್ಕೆ ಸೇರತಕ್ಕದ್ದು ಎಂದು ಮುಖ್ಯಸ್ಥ ತೀರ್ಪು ಕೊಟ್ಟ. ತೀರ್ಪು ಸರಿಯಾಗಿದೆ ಎಂದು ಊರು ಹೇಳಿತು. ನಾನೂ ಹೇಳಿದೆ. ಈಗ ಅಲ್ಲಿ ಝೋಲಿಲೆಯ ಕುಂಬಳ ಹಬ್ಬಿದೆ, ಕಾಯಿ ಚೆನ್ನಾಗಿ ಬಿಟ್ಟಿದೆ.

ನನ್ನ ಹೆಸರಿನಲ್ಲಿ ಈಗ ಗಾಜು ಹಾಕಿಸಿದ ಪ್ರಮಾಣಪತ್ರವಿದೆ, ಪಕ್ಕದಲ್ಲಿ ಪರವಾನಗಿಯಿದೆ. ಒಳಗೆಲ್ಲ ಹೊಳೆಯುವ ಒಂದು ಕಪಾಟು, ಒಂದು ಬಕೆಟ್ಟು ಮಣ್ಣು, ಮತ್ತು ನಿಯಮದ ಪ್ರಕಾರ ಕರೆಂಟು ಇರುವಷ್ಟು ಹೊತ್ತು ಉರಿಯುವ ಒಂದು ದೀಪ. ಇದಕ್ಕೆಲ್ಲ ನಾನು ಕೊಟ್ಟದ್ದು ಇಳಿಜಾರಿನ ಹೊಲವನ್ನು, ಮತ್ತು ಅತ್ತೆಯ ಬೀಜವನ್ನು. ಹೊಲ ಹೋದದ್ದಕ್ಕೆ ನನ್ನದೇ ಸಹಿಯ ಮೂರು ಪ್ರತಿಗಳಿವೆ. ಬೀಜದ ಬಗ್ಗೆ ಎಲ್ಲೂ ಏನೂ ಬರೆದಿಲ್ಲ.